ಹಡಗು ದೂರ ಹೋಗಿ ಕಾಣೆಯಾಗುವುದು ಕಣ್ಣಿನ ಮಿತಿಯಿಂದಲೋ, ಭೂಮಿ ದುಂಡಗಿರುವುದರಿಂದಲೋ?

ಭೂಮಿ ಚಪ್ಪಟೆ ಎನ್ನುವವರ ವಾದ ಇದು: ಹಡಗು ಸುಮ್ನೆ ಚಿಕ್ಕದಾಗುತ್ತದೆ, ದುರ್ಬೀನು ಹಿಡಿದರೆ ಪೂರ್ತಿ ವಾಪಸ್ ಕಾಣುತ್ತದೆ. ಅರ್ಧ ನಿಜ. ನೀರಿನ ಅಂಚು, ಅಂದರೆ ದಿಗಂತ, ದಾಟಿದ ಮೇಲೆ ಎಂಥಾ ದುರ್ಬೀನೂ ಹಡಗಿನ ಬುಡ ತೋರಿಸುವುದಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ಸಂಜೆ ಕಾರವಾರದ ಕಡಲತೀರಕ್ಕೆ ಹೋಗಿ. ನೀರಿನ ಪಕ್ಕ ನಿಂತವರಿಗೆ ದಿಗಂತ ಇರುವುದು ಸುಮಾರು 4.7 ಕಿ.ಮೀ. ದೂರದಲ್ಲಿ ಮಾತ್ರ. ಅದರಾಚೆ ಹೋಗುವ ಖಾಲಿ ಹಡಗಿನ ಕೆಂಪು ಹೊಟ್ಟೆ ಮೊದಲು ಮುಳುಗುತ್ತದೆ, ಆಮೇಲೆ ಡೆಕ್ಕು, ಕೊನೆಗೆ ಕಂಬ. ಆಗ ಸದಾಶಿವಗಡದ ಗುಡ್ಡ ಹತ್ತಿ ನೋಡಿ, 60 ಮೀಟರ್ ಎತ್ತರದಿಂದ ದಿಗಂತ ಸುಮಾರು 28 ಕಿ.ಮೀ.ಗೆ ಸರಿಯುತ್ತದೆ, ಮುಳುಗಿದ್ದ ಹೊಟ್ಟೆ ಮತ್ತೆ ಕಾಣುತ್ತದೆ. ಭೂಮಿ ಚಪ್ಪಟೆಯಾಗಿದ್ದರೆ ಹತ್ತುವ ಅಗತ್ಯವೇ ಇರಲಿಲ್ಲ, ಅಲ್ವಾ?

ಹೌದು, ಕೆಲವು ದಿನ ನೀರಿನ ಮೇಲಿನ ಗಾಳಿ ಬೆಳಕನ್ನು ಬಗ್ಗಿಸಿ ಅಂಚಿನಾಚೆಯದ್ದನ್ನೂ ಎತ್ತಿ ತೋರಿಸುತ್ತದೆ. ಅಂಥ ಫೋಟೋ ನೋಡಿ ಮೋಸ ಹೋಗಬೇಡಿ.

ಆರ್ಯಭಟ 499ರಲ್ಲೇ ಭೂಮಿಯನ್ನು ಕದಂಬ ಹೂವಿನ ಉಂಡೆಗೆ ಹೋಲಿಸಿದ್ದ: ಉಂಡೆಯ ಸುತ್ತಲೂ ಎಸಳು, ಭೂಮಿಯ ಸುತ್ತಲೂ ಜೀವಿಗಳು. ನಮ್ಮ ಬನವಾಸಿಯ ಕದಂಬರಿಗೆ ಹೆಸರು ಬಂದದ್ದೂ ಅದೇ ಮರದಿಂದ.