ಕೋಬ್ರಾ ಅಂದರೆ ಹಾವಲ್ಲವೇ?

ಪ್ರಶ್ನೆ: ಮಗಳ ಮನೆಗೆಂದು ನೆದರ್‌ಲ್ಯಾಂಡ್ಸ್‌ಗೆ ಹೋಗಿದ್ದಾಗ ಆಮ್‌ಸ್ಟೆಲ್‌ವೀನ್‌ನಲ್ಲಿ 'ಕೋಬ್ರಾ ಮ್ಯೂಸಿಯಂ' ಎಂಬ ಬೋರ್ಡ್ ಕಂಡು, ಹಾವುಗಳಿರಬಹುದು ಅಂತ ಮೊಮ್ಮಗನನ್ನು ಕರೆದುಕೊಂಡು ಒಳಗೆ ಹೋದೆ. ನೋಡಿದರೆ ಒಂದನೇ ಕ್ಲಾಸಿನ ಮಕ್ಕಳು ಗೀಚಿದಂಥ ಚಿತ್ರಗಳು! ಈ ಹೆಸರು ಯಾಕೆ? ದೊಡ್ಡವರು ಹೀಗೆ ಯಾಕೆ ಬರೆದರು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಹಾವು ನೋಡಲು ಹೋದವರು ನೀವೊಬ್ಬರೇ ಇರಲಿಕ್ಕಿಲ್ಲ, ಬಿಡಿ. ಕೋಪನ್‌ಹೇಗನ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್. ಈ ಮೂರು ಊರುಗಳ ಮೊದಲ ಅಕ್ಷರಗಳನ್ನು ಜೋಡಿಸಿ ಮಾಡಿದ ಹೆಸರದು. ತಮಾಷೆ ಅಂದರೆ ಈ ಹೆಸರಿನ ಚಿತ್ರಕಾರರು, ಕವಿಗಳ ಗುಂಪು ಹುಟ್ಟಿದ್ದು ಆ ಮೂರರಲ್ಲಿ ಯಾವ ಊರಲ್ಲೂ ಅಲ್ಲ, ಪ್ಯಾರಿಸ್‌ನಲ್ಲಿ.

1948ರ ನವೆಂಬರ್ 8. ಅಲ್ಲಿ ಹೊಸ ಕಲೆಯ ಬಗ್ಗೆ ಒಂದು ಸಮ್ಮೇಳನ ನಡೆದಿತ್ತು. ಕನಸು, ಸುಪ್ತ ಮನಸ್ಸುಗಳನ್ನೇ ಕಲೆಯ ಮೂಲ ಎನ್ನುತ್ತಿದ್ದ ಫ್ರೆಂಚ್ ಸರ್ರಿಯಲಿಸ್ಟರ ಸಿದ್ಧಾಂತದ ಜಗ್ಗಾಟ ಕೇಳಿ ಕೇಳಿ ಸಾಕಾದ ಆರು ಜನ ಹೊರಬಂದು, ನೋತ್ರ್ ದಾಮ್ ಹೋಟೆಲಿನ ಕೆಫೆಯಲ್ಲಿ ಕುಳಿತರು. ಡೆನ್ಮಾರ್ಕಿನ ಆಸ್ಗರ್ ಯೋರ್ನ್, ಡಚ್ಚರ ಕಡೆಯಿಂದ ಕಾರೆಲ್ ಅಪೆಲ್, ಕಾನ್‌ಸ್ಟಂಟ್ ಮತ್ತು ಕಾರ್ನೇಯ್, ಬೆಲ್ಜಿಯಂನ ಕವಿಗಳಾದ ಕ್ರಿಸ್ಟಿಯಾನ್ ದೋತ್ರೆಮಾಂ, ಜೋಸೆಫ್ ನ್ವಾರೆ. ದೋತ್ರೆಮಾಂ ಒಂದು ಚಿಕ್ಕ ಹೇಳಿಕೆ ಬರೆದ, ಆರೂ ಜನ ಸಹಿ ಹಾಕಿದರು. ವಾದ ಸಾಕು, ಒಟ್ಟಿಗೆ ಕೆಲಸ ಮಾಡೋಣ ಅನ್ನುವುದೇ ಅದರ ಸಾರ. ಕೋಬ್ರಾ ಎಂಬ ಹೆಸರು ಹೊಳೆದದ್ದೂ ಅವನಿಗೇ.

ಇನ್ನು ಮಕ್ಕಳ ಥರ ಬರೆದಿದ್ದು. ಯುದ್ಧ ಮುಗಿದು ಆಗ ಮೂರೇ ವರ್ಷ, ಮೂರೂ ದೇಶಗಳನ್ನು ನಾಜಿಗಳು ಆಕ್ರಮಿಸಿಕೊಂಡಿದ್ದರು. ಇಷ್ಟೆಲ್ಲ ಓದಿದ, ನಾಗರಿಕ ಯುರೋಪು ಕೊನೆಗೆ ಮಾಡಿದ್ದು ಇದನ್ನೇ ಅಲ್ವಾ, ಹಾಗಿದ್ದರೆ ಅದು ಕಲಿಸಿದ ಅಚ್ಚುಕಟ್ಟು ಚಿತ್ರಕಲೆ ನಮಗ್ಯಾಕೆ ಅಂತ ಇವರಿಗೆ ಅನ್ನಿಸಿತು. ಕಲಿಸಿದ್ದನ್ನು ಮರೆಯಲು ಮಕ್ಕಳ ಚಿತ್ರ, ಜನಪದ ಕಲೆ, ಮಾನಸಿಕ ರೋಗಿಗಳು ಬರೆದ ಚಿತ್ರಗಳ ಕಡೆ ತಿರುಗಿದರು. ಸುಮ್ನೆ ಗೀಚಿದ್ದಲ್ಲ, ಬೇಕಂತಲೇ ಗೀಚಿದ್ದು. (ಎಲ್ಲವೂ ಚೆನ್ನಾಗಿವೆ ಅಂತ ನಾನೂ ಹೇಳುವುದಿಲ್ಲ!)

ನಿಮ್ಮಂತೆಯೇ ಆಗಿನವರಿಗೂ ಸಿಟ್ಟು ಬಂತು. 1949ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸ್ಟೇಡೆಲಿಕ್ ಮ್ಯೂಸಿಯಂನಲ್ಲಿ ದೊಡ್ಡ ಪ್ರದರ್ಶನ ನಡೆದಾಗ ಪತ್ರಿಕೆಗಳು ಚೆನ್ನಾಗಿ ಆಡಿಕೊಂಡವು. ಅದೇ ವರ್ಷ ಅಪೆಲ್ ಅಲ್ಲಿನ ನಗರಸಭೆಯ ಕ್ಯಾಂಟೀನ್ ಗೋಡೆಗೆ ಮಕ್ಕಳ ಚಿತ್ರ ಬರೆದ. ರೈಲಿನಲ್ಲಿ ಜರ್ಮನಿ ದಾಟುವಾಗ ಕಂಡ, ಸ್ಟೇಷನ್ನಿನಲ್ಲಿ ತಿನ್ನಲು ಬೇಡುತ್ತಿದ್ದ ಮಕ್ಕಳವು. ಚಿತ್ರದ ಹೆಸರು 'ಕೇಳುವ ಮಕ್ಕಳು'; ಅದರಲ್ಲಿ 'ಕೇಳುವ' ಎಂಬುದಕ್ಕಿರುವ ಡಚ್ ಪದಕ್ಕೆ ಪ್ರಶ್ನೆ ಕೇಳುವುದು, ಬೇಡುವುದು ಎರಡೂ ಅರ್ಥ ಬರುತ್ತದೆ. ಇವರ ಮುಂದೆ ಕೂತು ಊಟ ಮಾಡೋದು ಹೇಗೆ ಅಂತ ನೌಕರರು ಗಲಾಟೆ ಮಾಡಿ ಗೋಡೆ ಮುಚ್ಚಿಸಿದರು. ಸುಮಾರು ಹತ್ತು ವರ್ಷ ಅದು ಹಾಗೇ ಇತ್ತು.

ಗುಂಪು ಮಾತ್ರ ಅಷ್ಟು ದಿನವೂ ಬಾಳಲಿಲ್ಲ. 1951ಕ್ಕೆ ಮುಗಿಯಿತು. ಯೋರ್ನ್ ಮತ್ತು ದೋತ್ರೆಮಾಂ ಇಬ್ಬರೂ ಆಗ ಕ್ಷಯ ಹಿಡಿದು ಡೆನ್ಮಾರ್ಕಿನ ಒಂದೇ ಆಸ್ಪತ್ರೆಯಲ್ಲಿದ್ದರು.

ಆ ನಗರಸಭೆ ಕಟ್ಟಡ ಈಗ ದುಬಾರಿ ಹೋಟೆಲ್ ಆಗಿದೆ, ಚಿತ್ರ ಅಲ್ಲೇ ಇದೆ. ಅಂದ ಹಾಗೆ, ಮ್ಯೂಸಿಯಂ ನೋಡಿ ನಿಮ್ಮ ಮೊಮ್ಮಗ ಏನಂದ? ಅದನ್ನು ನೀವು ಬರೆದೇ ಇಲ್ಲ.