ಕೊನೆಯ ಅಂಕಿ ಎಲ್ಲಿ ಹೋಯ್ತು?

"ಮೇಡಂ, ನನಗೆ ತಲೆ ಕೆಟ್ಟಿದೆ ಅನ್ಸುತ್ತೆ. ಎರಡೆರಡು ಸಲ ನೋಡಿ ಬರೆದದ್ದೂ ತಪ್ಪಾಗಿರುತ್ತೆ." ಆಪ್ತಸಲಹೆಗೆಂದು ನನ್ನ ಹತ್ತಿರ ಬಂದ ಆಕೆ ಕೂತ ಕೂಡಲೇ ಹೇಳಿದ್ದು ಇಷ್ಟೇ. ಆಮೇಲೆ ತುಂಬಾ ಹೊತ್ತು ಅತ್ತರು.

ಸುಮಾ ಅನ್ನೋಣ. ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಆಕೆಯ ಒಪ್ಪಿಗೆ ಇದೆ. ವಯಸ್ಸು 24. ಕೋಲಾರದ ಒಂದು ಟೊಮೆಟೊ ಮಂಡಿಯಲ್ಲಿ ರೈಟರ್. ರೈತರು ತಂದ 15 ಕೆ.ಜಿ. ಬಾಕ್ಸ್‌ಗಳ ಲೆಕ್ಕ ಬರೆಯುವುದು, ಸಂಜೆ ಹಣ ಹಾಕಲು ಪಟ್ಟಿ ಮಾಡಿಕೊಡುವುದು ಆಕೆಯ ಕೆಲಸ. ಒಂದು ವಾರ ನಾಲ್ಕು ಜನರ ಹಣ ಬ್ಯಾಂಕಿನಿಂದ ವಾಪಸ್ ಬಂತು. ಕೂಲಿಯವರಿಗೆ ಕೊಡಬೇಕಿದ್ದ ದುಡ್ಡು ಬರದೆ ಒಬ್ಬ ರೈತರು ಮಂಡಿಯಲ್ಲೇ ಕೂಗಾಡಿದರು. ಮಾಲೀಕರು ಎಲ್ಲರ ಮುಂದೆ ಬೈದರು. ಅಂದಿನಿಂದ ಸುಮಾಗೆ ರಾತ್ರಿ ನಿದ್ದೆ ಇಲ್ಲ. ಎರಡು ಗಂಟೆಗೆ ಎದ್ದು ಮೊಬೈಲಿನಲ್ಲಿ ಪಟ್ಟಿ ತೆಗೆದು ನೋಡುತ್ತಾರೆ. ಊಟ ಸೇರುತ್ತಿಲ್ಲ.

ಮುಂದಿನ ಸಲ ಬರುವಾಗ ಪಟ್ಟಿ ತನ್ನಿ ಅಂದೆ. ಭಯ ಹುಟ್ಟಿಸಿದ ವಸ್ತುವನ್ನು ಜೊತೆಯಲ್ಲಿ ಕೂತು ನೋಡಿದರೆ ಅರ್ಧ ಭಾರ ಇಳಿಯುತ್ತೆ, ಅದು ನನ್ನ ಅನುಭವ.

ಲ್ಯಾಪ್‌ಟಾಪ್ ತಂದರು. ಪಟ್ಟಿ ಇದ್ದದ್ದು ಎಕ್ಸೆಲ್‌ನಲ್ಲಿ. ಒಬ್ಬರದೇ ಪಾಸ್‌ಬುಕ್ ನೋಡಿ 16 ಅಂಕಿಯ ಖಾತೆ ಸಂಖ್ಯೆಯನ್ನು ನಿಧಾನವಾಗಿ ಟೈಪ್ ಮಾಡಿ ಅಂದೆ. ಮಾಡಿದರು. ಕೊನೆಯ ಅಂಕಿ 7. ಎಂಟರ್ ಒತ್ತಿ ಮತ್ತೆ ಅದೇ ಖಾನೆ ತೆರೆದು ನೋಡಿದರೆ ಕೊನೆಯಲ್ಲಿ ಸೊನ್ನೆ! ಸುಮಾ ಮತ್ತೆ ಟೈಪ್ ಮಾಡಿದರು. ಮತ್ತೆ ಸೊನ್ನೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಸರಿಯಾಗಿ ಇಟ್ಟುಕೊಳ್ಳುತ್ತೆ, 16ನೆಯದನ್ನು ಸೊನ್ನೆ ಮಾಡಿಬಿಡುತ್ತೆ. ಆಕೆ ಸರಸರ ಪಟ್ಟಿ ಕೆಳಗೆಳೆದರು. 16 ಅಂಕಿಯ ಖಾತೆಗಳೆಲ್ಲ ಸೊನ್ನೆಯಲ್ಲೇ ಮುಗಿದಿದ್ದವು.

"ಹಾಗಾದ್ರೆ ನಾನು ತಪ್ಪು ಬರೆದಿರಲಿಲ್ವಾ?"

"ಇಲ್ಲಮ್ಮ. ನೀವು ಸರಿಯಾಗೇ ಬರೆದಿದ್ರಿ."

ಆಗ ಆಕೆ ಅತ್ತದ್ದು ಬೇರೆ ಥರದ ಅಳು.

ಆದರೆ ಪಟ್ಟಿಯಲ್ಲಿ ಬೇರೆ ತೊಡಕುಗಳೂ ಇದ್ದವು. ಆಕೆಗಿಂತ ಮುಂಚೆ ಮೂವರು ಬರೆದ ಪಟ್ಟಿ ಅದು. ಒಬ್ಬರೇ ರೈತರು ಮುನಿಯಪ್ಪ, ಮುನೆಪ್ಪ, ಮುನಿಯಪ್ಪ ಬಿನ್ ನಾರಾಯಣಪ್ಪ ಅಂತ ಮೂರು ಕಡೆ. ಅರ್ಧ ಊರು ತೆಲುಗು ಮಾತಾಡುವ ನಮ್ಮ ಕಡೆ ಹೆಸರು ಕಿವಿಗೆ ಬಿದ್ದ ಹಾಗೆ ಬರೆಯುತ್ತಾರೆ, ಅದು ಯಾರ ತಪ್ಪೂ ಅಲ್ಲ. "40 ಬಾಕ್ಸ್, 3 ಡ್ಯಾಮೇಜ್, ಅಡ್ವಾನ್ಸ್ ಕೊಟ್ಟಿದೆ" ಅಂತ ಎಲ್ಲವೂ ಒಂದೇ ಖಾನೆಯಲ್ಲಿ. ಇಂಥ ಪಟ್ಟಿ ಕೊಟ್ಟು ತಪ್ಪಾಗಬಾರದು ಅಂದರೆ ಯಾರಿಗಾದರೂ ನಿದ್ದೆ ಬರುತ್ತಾ?

ನಾನು ಹೇಳಿದ್ದು ಹೀಗೆ. ಹಳೇ ಪಟ್ಟಿ ಮುಟ್ಟಬೇಡಿ, ಅದರ ಪ್ರತಿಯಲ್ಲಿ ಕೆಲಸ ಮಾಡಿ. ಪ್ರತಿ ರೈತರಿಗೂ ಒಂದು ನಂಬರ್ ಕೊಡಿ. ಹೆಸರು ಹೇಗೇ ಬರೆದರೂ ನಂಬರ್ ಒಂದೇ ಇರಲಿ. ಒಂದು ಸಲ ತಂದ ಮಾಲಿಗೆ ಒಂದು ಸಾಲು, ಒಂದು ಖಾನೆಯಲ್ಲಿ ಒಂದೇ ವಿಷಯ. ಬಾಕ್ಸ್ ಬೇರೆ, ಡ್ಯಾಮೇಜ್ ಬೇರೆ, ಅಡ್ವಾನ್ಸ್ ಬೇರೆ. ಖಾತೆ ಸಂಖ್ಯೆಯ ಕಾಲಂ ಅನ್ನು ಟೈಪ್ ಮಾಡುವ ಮೊದಲೇ ಎಕ್ಸೆಲ್‌ನಲ್ಲಿ 'ಟೆಕ್ಸ್ಟ್' ಫಾರ್ಮ್ಯಾಟ್‌ಗೆ ಬದಲಿಸಿಕೊಳ್ಳಿ, ಆಗ ಅದನ್ನು ಸಂಖ್ಯೆ ಅಂತ ಎಣಿಸದೆ ಬರೆದ ಹಾಗೇ ಇಟ್ಟುಕೊಳ್ಳುತ್ತೆ. ಆಮೇಲೆ ಮಾಡಿದರೆ ಹೋದ ಅಂಕಿ ವಾಪಸ್ ಬರಲ್ಲ, ಪಾಸ್‌ಬುಕ್ಕೇ ನೋಡಬೇಕು. ಬ್ಯಾಂಕ್ ಶಾಖೆಯ ಗುರುತಿನ ಕೋಡ್ ಆದ ಐಎಫ್‌ಎಸ್‌ಸಿಯಲ್ಲಿ 11 ಅಕ್ಷರ, ಐದನೆಯದು ಯಾವಾಗಲೂ ಸೊನ್ನೆ. ಕೆಲವು ಕಡೆ ಅಲ್ಲಿ ಇಂಗ್ಲಿಷ್ ಓ ಬಿದ್ದಿತ್ತು.

ಮನಸ್ಸಿಗೆ ಸಂಬಂಧಿಸಿದ್ದು ಎರಡೇ ಮಾತು. ಪಟ್ಟಿಯನ್ನು ಸಂಜೆ ಒಮ್ಮೆ, ಪಾಸ್‌ಬುಕ್ ಪಕ್ಕದಲ್ಲಿಟ್ಟು ನೋಡಿ. ರಾತ್ರಿ ಮೊಬೈಲಿನಲ್ಲಿ ಬೇಡ. ಅಷ್ಟಾದರೂ ಎದೆ ಹೊಡೆದುಕೊಂಡರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತೆ, ದುಡ್ಡಿಲ್ಲ.

ಮಾಲೀಕರ ಹತ್ತಿರ ಮಾತಾಡುವುದೇ ಆಕೆಗೆ ಕಷ್ಟವಾಗಿತ್ತು. ಮೂರು ಸಲ ನನ್ನೆದುರು ಹೇಳಿ ಅಭ್ಯಾಸ ಮಾಡಿದರು: "ಅಣ್ಣಾ, ತಪ್ಪು ಎಲ್ಲಿ ಆಗ್ತಿದೆ ಅಂತ ಸಿಕ್ತು. ಎರಡು ನಿಮಿಷ ತೋರಿಸ್ತೀನಿ."

ಮೂರು ವಾರದ ಮೇಲೆ ಬಂದರು. ಮಾಲೀಕರೇ ಟೈಪ್ ಮಾಡಿ ನೋಡಿದರಂತೆ, ಸ್ವಲ್ಪ ಹೊತ್ತು ಸುಮ್ನೆ ಕೂತು, "ನಾಳೆಯಿಂದ ಎಲ್ಲರ ಪಾಸ್‌ಬುಕ್ಕೂ ತರಿಸಮ್ಮ" ಅಂದರಂತೆ. ಕ್ಷಮೆ ಕೇಳಲಿಲ್ಲ, ಅದರ ನೋವು ಸುಮಾಗೆ ಇನ್ನೂ ಇದೆ. ಅದರ ಬಗ್ಗೆ ಮುಂದಿನ ಗುರುವಾರ ಮಾತಾಡಲಿದ್ದೇವೆ.