ಕೈ ನಡುಗುತ್ತದೆಂದು ಟ್ಯಾಕ್ರೋಲಿಮಸ್ ಬಿಡಬಹುದೇ?

ನಿಮ್ಮ ಯಜಮಾನರಿಗೆ ಕಿಡ್ನಿ ಕಸಿಯಾಗಿ ಕೆಲವು ತಿಂಗಳಾಗಿದೆ, ಕಸಿಯನ್ನು ದೇಹ ತಳ್ಳಿಹಾಕದಂತೆ ಕೊಡುವ ಟ್ಯಾಕ್ರೋಲಿಮಸ್ ತೆಗೆದುಕೊಳ್ಳತೊಡಗಿದ ಮೇಲೆ ಕೈ ನಡುಗುತ್ತಿದೆ, ಹಿಂದೆಂದೂ ಇರದ ಸಕ್ಕರೆ ಕಾಣಿಸಿಕೊಂಡಿದೆ, ಸಂಜೆಯ ಕ್ಯಾಪ್ಸೂಲ್ ಬಿಟ್ಟರೆ ಏನಾಗುತ್ತದೆ ಎಂದು ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಇವತ್ತಿನದನ್ನೂ ಬಿಡಬೇಡಿ. ನಾನು ವೈದ್ಯನಲ್ಲ, ಮುಂಬೈ ಬಳಿಯ ಡೊಂಬಿವಲಿಯಲ್ಲಿ ಔಷಧದ ಅಂಗಡಿ ನಡೆಸುವ ಫಾರ್ಮಸಿಸ್ಟ್. ಉಡುಪಿ, ಕುಂದಾಪುರದ ಕಡೆಯಿಂದ ಬಂದು ಇಲ್ಲಿ ನೆಲೆಸಿದವರು ಕೌಂಟರಿನಲ್ಲಿ ಇದೇ ಪ್ರಶ್ನೆಯನ್ನು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ವೈದ್ಯರ ಮುಂದೆ ಕೇಳಲು ಅವರಿಗೆ ಸಂಕೋಚ.

ಕಸಿ ಮಾಡಿದ ಕಿಡ್ನಿ ಎಷ್ಟೇ ಹೊಂದಿಕೆಯಾಗಿದ್ದರೂ ದೇಹಕ್ಕೆ ಅದು ಹೊರಗಿನದೇ. ರೋಗಾಣುಗಳ ವಿರುದ್ಧ ಹೋರಾಡುವ ರಕ್ತದ ಟಿ ಕಣಗಳು ಅದರ ಮೇಲೆ ಬೀಳಲು ಸಿದ್ಧವಾಗಿಯೇ ಇರುತ್ತವೆ. ಆ ಕಣಗಳೊಳಗಿನ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಟ್ಯಾಕ್ರೋಲಿಮಸ್ ತಡೆಯುತ್ತದೆ. ಹಾಗಾಗಿ ದಾಳಿಯ ಸಂಕೇತ ಹೊರಡುವುದೇ ಇಲ್ಲ. ಯಕೃತ್ತು, ಹೃದಯದ ಕಸಿಯಲ್ಲೂ ಇದನ್ನೇ ಕೊಡುತ್ತಾರೆ. ದೇಹ ತನ್ನ ಮೇಲೆಯೇ ದಾಳಿ ಮಾಡುವ ಲೂಪಸ್ ಕಾಯಿಲೆಯಿಂದ ಕಿಡ್ನಿ ಕೆಟ್ಟವರಿಗೂ ಕೊಡುವುದುಂಟು. ಇಸುಬಿಗೆ ಇದರದೇ ಮುಲಾಮು ಇದೆ. ಔಷಧ ತಪ್ಪಿದಾಗ ಆಗುವ ತಿರಸ್ಕಾರ, ಅಂದರೆ ಕಸಿಯ ಕಿಡ್ನಿಯ ಮೇಲೆ ದೇಹದ ದಾಳಿ, ನೋವು ಕೊಟ್ಟೇ ಬರಬೇಕೆಂದಿಲ್ಲ. ಎಷ್ಟೋ ಸಲ ಕಿಡ್ನಿಯ ಕೆಲಸವನ್ನು ತೋರಿಸುವ ರಕ್ತದ ಕ್ರಿಯೇಟಿನಿನ್ ಏರಿದ ಮೇಲೆಯೇ ಗೊತ್ತಾಗುತ್ತದೆ. ಆಗ ಕಳೆದುಕೊಂಡದ್ದೆಲ್ಲ ಮರಳಿ ಬರುವ ಭರವಸೆ ಇಲ್ಲ.

ಕೈ ನಡುಕ ನಿಮ್ಮ ಭ್ರಮೆಯಲ್ಲ. ಅದು ಈ ಔಷಧದ ಪರಿಚಿತ ಅಡ್ಡ ಪರಿಣಾಮ, ರಕ್ತದಲ್ಲಿ ಔಷಧದ ಮಟ್ಟ ಹೆಚ್ಚಾದಷ್ಟೂ ಹೆಚ್ಚುತ್ತದೆ. ಸಕ್ಕರೆಯೂ ಹಾಗೆಯೇ: ಇದು ಮೇದೋಜೀರಕದ ಇನ್ಸುಲಿನ್ ಸ್ರಾವವನ್ನು ಕುಗ್ಗಿಸುತ್ತದೆ, ಜೊತೆಗೆ ಕೊಡುವ ಸ್ಟಿರಾಯ್ಡ್ ಅದನ್ನು ಇನ್ನಷ್ಟು ಏರಿಸುತ್ತದೆ. ಬಿ.ಪಿ. ಮತ್ತು ಪೊಟ್ಯಾಸಿಯಂ ಏರುವುದು, ಮೆಗ್ನೀಸಿಯಂ ಇಳಿಯುವುದು, ಕೂದಲು ಉದುರುವುದು ಕೂಡ ಆಗಬಹುದು. ಎಲ್ಲಕ್ಕಿಂತ ಕಳವಳದ ಮಾತೆಂದರೆ, ಮಟ್ಟ ಮಿತಿಮೀರಿದರೆ ಕಾಪಾಡಬೇಕಾದ ಕಿಡ್ನಿಗೇ ಇದು ಹಾನಿ ಮಾಡುತ್ತದೆ. ಕಡಿಮೆಯಾದರೆ ತಿರಸ್ಕಾರ, ಹೆಚ್ಚಾದರೆ ವಿಷ. ನಡುವಿನ ದಾರಿ ಬಹಳ ಕಿರಿದು. ಆದ್ದರಿಂದಲೇ ಪ್ರಮಾಣ ಬದಲಿಸುವ ತೀರ್ಮಾನ ರಕ್ತಪರೀಕ್ಷೆಯನ್ನು ನೋಡಿ ವೈದ್ಯರೇ ಮಾಡಬೇಕು.

ಆ ಪರೀಕ್ಷೆಯಲ್ಲೇ ಹಲವರು ಎಡವುತ್ತಾರೆ. ರಕ್ತ ಕೊಡಬೇಕಾದದ್ದು ಬೆಳಗಿನ ಕ್ಯಾಪ್ಸೂಲ್ ತೆಗೆದುಕೊಳ್ಳುವ ಮೊದಲು, ಹಿಂದಿನ ರಾತ್ರಿಯದಾಗಿ ಸುಮಾರು 12 ಗಂಟೆಗಳ ನಂತರ. ನುಂಗಿ ಹೋದರೆ ಅಂಕಿ ಸುಳ್ಳಾಗಿ ಮೇಲೇರುತ್ತದೆ, ಅದನ್ನು ನಂಬಿ ವೈದ್ಯರು ಪ್ರಮಾಣ ಇಳಿಸಿದರೆ ಅಪಾಯ. ಕ್ಯಾಪ್ಸೂಲನ್ನು ಜೇಬಿನಲ್ಲಿಟ್ಟುಕೊಂಡು ಲ್ಯಾಬಿಗೆ ಹೋಗಲಿ, ರಕ್ತ ಕೊಟ್ಟ ಕೂಡಲೇ ತೆಗೆದುಕೊಳ್ಳಲಿ. ದಿನಕ್ಕೆರಡು ಬಾರಿಯದಾದರೆ ಎಂಟಕ್ಕೆ ಎಂಟು ಎಂಬಂತೆ ಗಡಿಯಾರ ಹಿಡಿದು ನಡೆಯಬೇಕು. ಮಳೆಗಾಲದಲ್ಲಿ ಲೋಕಲ್ ರೈಲು ಎಲ್ಲಿ ನಿಲ್ಲುತ್ತದೋ ಹೇಳಲಾಗದು, ಚೀಲದಲ್ಲಿ ಒಂದು ಹೊತ್ತಿನದು ಯಾವಾಗಲೂ ಇರಲಿ. ದಿನಕ್ಕೊಮ್ಮೆಯ ಬಗೆಯೂ ಸಿಗುತ್ತದೆ, ಆದರೆ ವೈದ್ಯರು ಹೇಳದೆ ಇದರ ಬದಲಿಗೆ ಅದನ್ನು ತೆಗೆದುಕೊಳ್ಳುವಂತಿಲ್ಲ. ಬ್ರ್ಯಾಂಡನ್ನೂ ವೈದ್ಯರಿಗೆ ತಿಳಿಸದೆ ಬದಲಾಯಿಸಬೇಡಿ. ನಮ್ಮಂಥ ಅಂಗಡಿಯವರು ಬೇರೆಯದನ್ನು ಕೊಟ್ಟರೆ ನಿಲ್ಲಿಸಿ ಕೇಳಿ.

ಇನ್ನು ಬೇರೆ ಔಷಧಗಳು. ಶಿಲೀಂಧ್ರದ ಸೋಂಕಿಗೆ ಕೊಡುವ ಫ್ಲುಕೊನಜೋಲ್, ಆ್ಯಂಟಿಬಯೋಟಿಕ್ ಆದ ಕ್ಲಾರಿಥ್ರೊಮೈಸಿನ್, ಬಿ.ಪಿ.ಗೆ ಕೊಡುವ ಡಿಲ್ಟಿಯಾಜೆಮ್ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಧಡಕ್ಕನೆ ಇಳಿಸಿಬಿಡುತ್ತದೆ. ಮೈಕೈ ನೋವಿಗೆ ಐಬುಪ್ರೊಫೇನ್, ಡೈಕ್ಲೊಫೆನಾಕ್ ನುಂಗುವುದು ಕಿಡ್ನಿಗೆ ಎರಡನೆಯ ಪೆಟ್ಟು. ಗ್ರೇಪ್‌ಫ್ರೂಟ್ ಬೇಡ, ಅದರ ಹತ್ತಿರದ ಬಳಗವಾದ ಚಕ್ಕೋತವೂ ಬೇಡ. ಪೊಟ್ಯಾಸಿಯಂ ಏರಿದ್ದರೆ ಎಳನೀರನ್ನೂ ಬಿಡಬೇಕಾಗುತ್ತದೆ. ನಮ್ಮ ಕರಾವಳಿಯವರಿಗೆ ಇದು ಎಷ್ಟು ಕಷ್ಟವೆಂದು ನನಗೆ ಗೊತ್ತು. ಊರಿಂದ ಬಂದ ನೆಂಟರು ‘ರೋಗನಿರೋಧಕ ಶಕ್ತಿ ಹೆಚ್ಚಲಿ’ ಎಂದು ಅಮೃತಬಳ್ಳಿಯ ಕಷಾಯ ಕಾಯಿಸಿಕೊಟ್ಟರೆ ಕೈಮುಗಿದು ಬೇಡವೆನ್ನಿ. ಯಾವ ಶಕ್ತಿಯನ್ನು ಔಷಧ ಹಿಡಿದಿಟ್ಟಿದೆಯೋ ಅದನ್ನೇ ಕೆರಳಿಸುವುದು ಸಲ್ಲದು. ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬೈಯ ವೈದ್ಯರೇ 2021ರಲ್ಲಿ ವರದಿ ಮಾಡಿದ್ದಾರೆ.

ಭೇದಿ ಹತ್ತಿದರೆ ಔಷಧದ ಮಟ್ಟ ಇಳಿಯುತ್ತದೆಂದು ಜನ ಭಾವಿಸುತ್ತಾರೆ. ವಾಸ್ತವದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಏರುವುದೇ ಹೆಚ್ಚು. ಎರಡು ದಿನ ಭೇದಿಯಿದ್ದರೆ ಕಸಿ ತಂಡಕ್ಕೆ ಫೋನ್ ಮಾಡಿ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅಂದೇ ತೋರಿಸಿ. ರಸ್ತೆಯ ಮಳೆನೀರಿನಲ್ಲಿ ನಡೆಯಬೇಕಾಗಿ ಬಂದರೆ ಇಲಿಜ್ವರದ ಮುನ್ನೆಚ್ಚರಿಕೆಯ ಬಗ್ಗೆಯೂ ಅವರನ್ನೇ ಕೇಳಿ. ಜೀವಂತ ರೋಗಾಣುವಿನ ಲಸಿಕೆಗಳು ನಿಮ್ಮ ಯಜಮಾನರಿಗೆ ಸಲ್ಲುವುದಿಲ್ಲ.

ಮುಂದಿನ ಭೇಟಿಗೆ ಕಾಯದೆ ನಾಳೆಯೇ ಕಸಿ ತಂಡವನ್ನು ಸಂಪರ್ಕಿಸಿ. ನಡುಕ ಯಾವ ಹೊತ್ತಿನಲ್ಲಿ ಹೆಚ್ಚು, ಕ್ಯಾಪ್ಸೂಲ್ ನುಂಗಿದ ಎಷ್ಟು ಹೊತ್ತಿಗೆ ಬರುತ್ತದೆ ಎಂದು ಬರೆದುಕೊಂಡು ಹೋಗಿ. ಸಕ್ಕರೆಯ ಅಂಕಿಗಳನ್ನೂ, ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ. ಮಟ್ಟ ಸ್ವಲ್ಪ ಇಳಿಸಬಹುದೇ, ದಿನಕ್ಕೊಮ್ಮೆಯ ಬಗೆಗೆ ಬದಲಿಸಬಹುದೇ, ಸ್ಟಿರಾಯ್ಡ್ ತಗ್ಗಿಸಬಹುದೇ ಎಂದು ನೇರವಾಗಿ ಕೇಳಿ. ಈ ಮೂರೂ ಅವರು ದಿನನಿತ್ಯ ಯೋಚಿಸುವ ವಿಷಯಗಳೇ.